ಟವೆಲ್ಲಿನ ಕೆಳಗೆ

ತಾಳಿಕೋಟಿಯ ದನದ ಸಂತೆಯಲ್ಲಿ ನಮ್ಮಪ್ಪ ಮಲಕಾಜಪ್ಪ
ಕೊಳ್ಳುವವನ ಕೈ, ಮಾರುವವನ ಕೈ
ಒಂದೇ ಟವೆಲ್ಲಿನ ಕೆಳಗೆ ಸೇರಿಸುತ್ತಿದ್ದ.
ಬೆರಳಿಗೆ ಸಾವಿರ, ಗೆಣ್ಣಿಗೆ ನೂರು,
ಬಾಯಲ್ಲಿ ಮಾತ್ರ ಹಿಂಗಾರಿ ಜೋಳದ ಸುದ್ದಿ.
ಪಕ್ಕ ನಿಂತ ಎತ್ತಿಗೂ ತನ್ನ ಬೆಲೆ ತಿಳಿಯುತ್ತಿರಲಿಲ್ಲ.
ನೂರಕ್ಕೆ ಎರಡು ಅಪ್ಪನ ದಲಾಲಿ,
ಚಹಾ ಬೇರೆ.

ನಾನು ಕಟ್ಟಿದ್ದು ಹುಲಿ-ಕುರಿ ಆಟ.
ಕಟ್ಟೆಯ ಹಾಸುಗಲ್ಲಿನ ಮೇಲೆ ಯಾರೋ ಕೊರೆದ ಗೆರೆಗಳನ್ನು
ಫೋಟೋ ಹಿಡಿದು ಪರದೆಗಿಳಿಸಿದೆ.
ಆಡಲು ಪುಕ್ಕಟೆ.
ಕೊರಳಗಂಟೆಯ ಕುರಿ ಬೇಕೆಂದರೆ ನಲವತ್ತು ರೂಪಾಯಿ,
ಅದರಲ್ಲಿ ಹನ್ನೆರಡು
ಆ್ಯಪ್ ಮಾರುವ ಅಂಗಡಿಗೆ.

'ಹನ್ನೆರಡಾ?'
ಎಲೆಗೆ ಸುಣ್ಣ ಸವರುವ ಬೆರಳು ನಿಂತಿತು.
'ಯಾಂವ ಅಂವ? ಯಾ ಊರಾಂವ?'
ಊರಿಲ್ಲ ಅಪ್ಪಾ, ಮಾರಿನೂ ಇಲ್ಲ,
ಅರವತ್ತು ಪುಟದ ನಿಯಮ ಅದಾವು.
'ಚಾ ಆದ್ರ ಕುಡಸ್ತಾನೇನ?'

ಸಮುದ್ರದಾಚೆಯ ಆಟಗಾರನೊಬ್ಬ ಬರೆದ:
ನಮ್ಮ ದೇಶದ ನೋಟು ದಿನಾ ಸವೆಯುತ್ತಿದೆ,
ಕ್ರಿಪ್ಟೊ ಕೊಟ್ಟರೆ ನಡೆದೀತೆ, ನೇರ ನಿನಗೇ?
ಒಂದು ಗುಂಡಿ ಇಟ್ಟೆ.
ಒಂಬತ್ತು ದಿನ, ಹದಿನೇಳು ಗಂಟೆ ಮಾರಿದವು.
ಹತ್ತನೆಯ ದಿನ ಹುಲಿಯೂ ಇಲ್ಲ, ಕುರಿಯೂ ಇಲ್ಲ:
'ಹೊರದಾರಿ ತೋರಿಸುವಂತಿಲ್ಲ.'

ನಾನು ಬೈದೆ. ಅಪ್ಪ ಬೈಯಲಿಲ್ಲ.
'ನನ್ನ ಎರಡು ಉಳಸಾಕ
ಡೋಣಿ ದಂಡಿ ಜಾಲಿ ಮರೆಗೆ ಹೋಗಿ ಯಾಪಾರ ಮುಗಸವ್ರು ಇದ್ರು.
ನಿಂಗಬಸು ಹಂಗ ತಂದ ಎತ್ತು
ಮರುದಿನ ಸಾಲಿನ್ಯಾಗ ಕುಂತ್ತು.
ಅಳಕೋತ ಬಂದ.
ನನ್ನ ಟವೆಲ್ ಕೆಳಗಿಂದಲ್ಲ ಅದು, ಅಂದ್ನಿ.'
ಹೇಳುವಾಗ ಮೀಸೆಯಡಿ ನಗೆಯಿತ್ತು,
ಹೇಳಿ ಮುಗಿದ ಮೇಲೆ ಇರಲಿಲ್ಲ.

ಹದಿನೇಳು ಗಂಟೆಯ ಹಣ ಎಲ್ಲೋ ಗಾಳಿಯಲ್ಲಿದೆ.
ಅದರ ಬೀಗ ಹನ್ನೆರಡು ಪದ,
ಅಪ್ಪನ ಹಳೆಯ ಕಿರ್ದಿಯ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.
ಮುಂಜಾನೆ ಆರುನೂರ ಎಂಬತ್ತು,
ಮಧ್ಯಾಹ್ನ ಐನೂರ ಹತ್ತು,
ರಾತ್ರಿ ಒಂಬೈನೂರು.
ಕುರಿ ಮಾತ್ರ ಅವೇ.

ಗುಂಡಿ ಕಿತ್ತೆ. ಆಟ ಮರಳಿ ಅಂಗಡಿ ಸೇರಿತು.
ಆ ಸಂಜೆ ಅಪ್ಪ ಹೆಗಲ ಟವೆಲ್ ತೆಗೆದು
ನನ್ನ ಫೋನಿನ ಮೇಲೆ ಹಾಸಿದ,
ಕೆಳಗೆ ಕೈ ಇಟ್ಟ.
'ಇರು ಸುಗಲಾ, ನಾ ಕೇಳ್ತೇನಿ. ಆರಕ್ಕ ಬರ್ತಾನೇನ ನೋಡೂಣು.'
ನೂಲಿನ ಸಂದಿಯಿಂದ ಬೆಳಕು ಸೋರುತ್ತಿತ್ತು.
ಗಾಜಿನ ಮೇಲೆ ಬೆರಳೊತ್ತಿ ಬಹಳ ಹೊತ್ತು ಕುಳಿತ,
ಆಚೆಯ ಕೈ ಮಡಚುವುದನ್ನೇ ಕಾಯುತ್ತ.

ಟಣ್ ಎಂದಿತು.

ಗಂಟೆಯ ಕುರಿಯೊಂದು ಅಪ್ಪನ ಪಾಲಾಗಿತ್ತು.
ನಲವತ್ತು ರೂಪಾಯಿ ನಮ್ಮ ಮನೆಯಿಂದ ಹೊರಟು
ಇಪ್ಪತ್ತೆಂಟಾಗಿ
ನಮ್ಮ ಮನೆಗೇ ಬಂತು.