ಕಲ್ಲುಸಕ್ಕರೆ

ಎಮ್ಡೆನ್ನಿನಾಚೆ, ಕಡಲ ಏರಿಯ ಕೆಳಗಿನ ಮನೆ.
ದಿನವೂ ಹಿಲ್ಕೆ ಬಟ್ಟಲಿಗೊಂದೇ ಹರಳು ಹಾಕಿ
ಕುದಿವ ಚಹಾ ಸುರಿಯುತ್ತಾಳೆ:
ಚಟ್. ಚಟಚಟ.
ತೆಳು ಮಂಜಿನ ಮೇಲೆ ಯಾರೋ ಕಾಲಿಟ್ಟಂತೆ.
ಕದಡುವುದಿಲ್ಲ ಇಲ್ಲಿ ಯಾರೂ.
ಮೊದಲ ಗುಟುಕು ಕಹಿ, ತಳದಲ್ಲಿ ಸಿಹಿ,
ನಡುವಿನದಕ್ಕೆ ಹೆಸರಿಲ್ಲ.

ಇವತ್ತು ಓಕ್ಕೊ ತಡ.
ಬೆಳಿಗ್ಗೆ ಎದ್ದ ಮಾತು, ದೋಣಿ ಮಾರುವ ಮಾತು.
ಬತ್ತಿ ಮುಗಿದು ಚಹಾ ಆರಿತು.
ಆರಿದ್ದನ್ನೇ ಸುರಿದಳು, ಬೇಕೆಂದೇ.

ಸದ್ದಿಲ್ಲ.
ಹರಳು ತಳದಲ್ಲಿ, ಒಂದು ಮೊನೆಯೂ ಮಾಸದೆ.
ತಣ್ಣಗಿದ್ದರೂ ಕರಗೀತು,
ನಾಳೆಗೋ, ನಾಡಿದ್ದಿಗೋ.

ಅವನು ಬಂದ. ಕುಡಿದ. ಏನೂ ಅನ್ನಲಿಲ್ಲ.
ಚಮಚ ಬಟ್ಟಲೊಳಗಿಟ್ಟರೆ ‘ಸಾಕು’ ಎಂದರ್ಥ;
ತಟ್ಟೆಯಲ್ಲೇ ಬಿಟ್ಟ.
ಹರಳುಳಿದ ಬಟ್ಟಲನ್ನು ಅವಳತ್ತ ಸರಿಸಿದ.

ಅವಳೆದ್ದಳು.
ಒಲೆಯ ಮೇಲೆ ನೀರು
ಮರಳತೊಡಗಿತು.