ಇಬ್ಬರಿಗಿಂತ ಕಡಿಮೆ ಇಲ್ಲ

ಗ್ವಾಕ್ ಅಜ್ಜಿಯ ಅಂಗಡಿಯ ಗೋಡೆಗೆ
ಕೆಂಪಕ್ಷರದ ಹಲಗೆ:
ಬುದೇ ಜಿಗೆ, ಇಬ್ಬರಿಗಿಂತ ಕಡಿಮೆ ಇಲ್ಲ.

ನಾಲ್ಕು ಚಳಿಗಾಲ ಅದನ್ನು ಹೊರಗಿನಿಂದಲೇ ಓದಿ
ಪಕ್ಕದಂಗಡಿಯಲ್ಲಿ ಕಿಂಬಾಪ್ ಸುರುಳಿ ಕೊಂಡು
ಬಸ್ ನಿಲ್ದಾಣದಲ್ಲಿ ನಿಂತೇ ತಿಂದವಳು ನಾನು,
ಬಾಂಗ್ ಇನ್‌ಸುಕ್,
ಉಯಿಜಂಗ್ಬುವಿನ ಏರು ಓಣಿಗಳಲ್ಲಿ
ಮನೆಮನೆಯ ಗ್ಯಾಸ್ ಮೀಟರು ಓದುವವಳು.
ದಿನಕ್ಕೆ ಇನ್ನೂರು ಬಾಗಿಲು.
ಒಂದೂ ಒಳಗೆ ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ;
ಮೀಟರು ಹೊರಗೋಡೆಗೇ ಇರುತ್ತದೆ.

ಆವತ್ತು ಮೈನಸ್ ಹನ್ನೊಂದು.
ಬೆರಳು ಪೆನ್ನು ಹಿಡಿಯಲೊಲ್ಲದು.
ನನಗಿಂತ ಮುಂಚೆ ಬಾಗಿಲಲ್ಲೊಬ್ಬ ಹುಡುಗ,
ಕಂಕುಳಲ್ಲಿ ಹೆಲ್ಮೆಟ್,
ಊರಿಗೆಲ್ಲ ಬಿಸಿ ಊಟ ಹೊತ್ತು ತಲುಪಿಸುವವನು.
"ಒಬ್ಬನೇ, ಆಗುತ್ತಾ?" ಎಂದು ಕೇಳಿ
ಉತ್ತರಕ್ಕೆ ಕಾಯದೆ ತಿರುಗುತ್ತಿದ್ದ.
ಅಜ್ಜಿ ಸೌಟಿನಿಂದ ಅವನನ್ನು ತೋರಿಸಿದಳು, ಆಮೇಲೆ ನನ್ನನ್ನು:
"ಒಂದೂ ಒಂದೂ ಎಷ್ಟಾಯ್ತು? ಕೂತ್ಕೊಳ್ಳಿ.
ಬಾಗಿಲು ಹಾಕಿ, ಬೆಚ್ಚಗಿದ್ದದ್ದೆಲ್ಲ ಬೀದಿಗೆ ಹೋಗ್ತಿದೆ."

ಕೂತೆವು.
ನಡುವೆ ಅಗಲ ಬಾಣಲೆ,
ಅದರೊಳಗೆ ಒಂದಕ್ಕೊಂದು ಗುರುತಿಲ್ಲದ ಸಾಮಾನು:
ಹುಳಿ ತಿರುಗಿದ ಕಿಮ್ಚಿ, ತೋಫು, ಡಬ್ಬಿಯ ಮಾಂಸ,
ಸಿಹಿ ಬೀನ್ಸು, ಹಳದಿ ಚೀಸಿನ ಒಂದು ಹಾಳೆ,
ಮೇಲೆ ಇಟ್ಟಿಗೆಯಂತೆ ಒಣ ರಾಮ್ಯನ್.
ಹೆಸರೇ ಸೈನ್ಯದ ಸಾರು.
ನನ್ನಮ್ಮ ಇದನ್ನು ಮುಟ್ಟುತ್ತಿರಲಿಲ್ಲ.
ಪರದೇಶಿ ದಂಡಿನ ಬೇಲಿಯ ಹೊರಗೆ
ಪಾತ್ರೆ ಹಿಡಿದು ನಿಂತಿದ್ದಳಂತೆ, ಏಳು ವರ್ಷದವಳು.
ಅಷ್ಟು ಹೇಳಿದಳು.
ಮುಂದಿನದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಲೆಗೆ ಕೈ ಚಾಚಿದ ಹುಡುಗನನ್ನು ತಡೆದೆ.
ಜ್ವಾಲೆ ಎಷ್ಟು ನೀಲಿ ಇರಬೇಕು,
ಕೊಳವೆ ಯಾವ ಸದ್ದಿನಲ್ಲಿ ಸುಳ್ಳಾಡುತ್ತದೆ:
ನನಗೆ ಬರುವ ವಿದ್ಯೆ ಇದೊಂದೇ.
ಅಕ್ಕ ಎನ್ನಲೋ ಚಿಕ್ಕಮ್ಮ ಎನ್ನಲೋ ತಡವರಿಸಿ
ಎದೆಯ ಮೇಲಿನ ಗುರುತುಚೀಟಿ ಓದಿ
"ಇನ್‌ಸುಕ್ ಅವರೇ, ಉಪ್ಪು ಸಾಕಾ?" ಎಂದ.
ನನ್ನ ಹೆಸರನ್ನು ಬಾಯಿಬಿಟ್ಟು ಯಾರಾದರೂ ಕರೆದು
ಎಷ್ಟು ದಿನವಾಗಿತ್ತೋ.

ರಾಮ್ಯನ್ ಬಿಗಿಯಿದ್ದಾಗಲೇ ತಿನ್ನಬೇಕು, ಅವನ ವಾದ.
ಸಾರು ಕುಡಿದು ಉಬ್ಬಬೇಕು, ನನ್ನದು.
ಚಾಪ್‌ಸ್ಟಿಕ್ಕಿನಲ್ಲಿ ನಡುವೆ ಗಡಿ ಎಳೆದು
ಅವನರ್ಧ ಮೊದಲು ಮುಗಿಸಿದ, ಸುರ್ರೆಂದು,
ಮೂಗು ಸೋರುತ್ತ, ಕಣ್ಣು ಮುಚ್ಚಿ,
ಎಷ್ಟೋ ದಿನದ ಮೇಲೆ ಊರು ಕಂಡವನ ಹಾಗೆ.

"ಮನೆ ಎಲ್ಲಿ?"
"ಗಾನಂಗ್ ಸ್ಟೇಷನ್ನಿನ ಹಿಂದೆ. ನೀಲಿ ಗೇಟು.
ತಾರಸಿಯ ಮೇಲೆ ಒಂದೇ ಕೋಣೆ."

ಚಮಚ ನಿಂತಿತು.
ಆ ಗೇಟು ನನಗೆ ಗೊತ್ತು.
ನವೆಂಬರ್, ನಾನೂರ ಹದಿನೇಳು.
ಡಿಸೆಂಬರ್, ನಾನೂರ ಹದಿನೇಳು.
ಜನವರಿ, ಅದೇ.
ಪಟ್ಟಿಯ ಅಂಚಿಗೆ ನಾನೇ ಬರೆದಿದ್ದೆ: ಮನೆ ಖಾಲಿ.
ಒಲೆ ಹೊತ್ತಿಲ್ಲ, ನೆಲ ಕಾದಿಲ್ಲ;
ಈ ಊರಿನ ಜನವರಿಯಲ್ಲಿ ಕಾಯದ ನೆಲದ ಮೇಲೆ
ಒಬ್ಬ ಹುಡುಗ ಮಗ್ಗುಲು ಬದಲಿಸುತ್ತಿದ್ದ,
ನಾನು ಗೋಡೆಯ ಈಚೆ ಅಂಕಿ ಬರೆದುಕೊಳ್ಳುತ್ತಿದ್ದೆ.

"ಕೋಣೆ ಬೆಚ್ಚಗಿರುತ್ತಾ?" ಕೇಳಿದೆ.
"ತುಂಬಾ," ಎಂದ.
"ಕೆಲವು ರಾತ್ರಿ ಕಿಟಕಿ ತೆಗೀಬೇಕಾಗುತ್ತೆ."

ಇನ್ನಷ್ಟು ಸಾರು ಬಡಿಸಿದೆ.
ಕೊನೆಯ ತೋಫು ತುಂಡನ್ನು ಅವನತ್ತ ನಾನು ಸರಿಸಿದೆ,
ನನ್ನತ್ತ ಅವನು ಸರಿಸಿದ,
ಯಾರೂ ತಿನ್ನಲಿಲ್ಲ;
ಬಾಣಲೆ ಎತ್ತಲು ಬಂದ ಅಜ್ಜಿ
ಅಲ್ಲೇ ನಿಂತು ಬಾಯಿಗೆ ಹಾಕಿಕೊಂಡಳು.
ದುಡ್ಡು ಅರ್ಧರ್ಧ ಕೊಟ್ಟೆವು.
ಅವನ ಫೋನು ಕೂಗಿತು, ಇನ್ಯಾರದೋ ಹಸಿವು;
ಹೆಲ್ಮೆಟ್ಟಿನೊಳಗಿಂದ ಏನೋ ಅಂದ, ಕೇಳಿಸಲಿಲ್ಲ.

ಫೆಬ್ರವರಿಯ ಸುತ್ತು.
ನೀಲಿ ಗೇಟು, ಹೊರಮೆಟ್ಟಿಲ ಮೇಲೆ ಗಟ್ಟಿ ಹಿಮ.
ಕೈಗವಸು ತೆಗೆದು ಮೀಟರಿನ ಗಾಜು ಒರೆಸಿದೆ.
ಏಳು ಅರ್ಧಕ್ಕೆ ಮೇಲೆ ಸರಿದಿತ್ತು,
ಕೆಳಗಿನಿಂದ ಎಂಟರ ನೆತ್ತಿ ಇಣುಕುತ್ತಿತ್ತು.
ನಿಯಮದ ಪ್ರಕಾರ ಅದು ಇನ್ನೂ ಏಳೇ.
ನಾನೂರ ಹದಿನೇಳು ಎಂದೇ ಬರೆದೆ.
ಆಮೇಲೆ ಅಂಚಿನಲ್ಲಿದ್ದ "ಖಾಲಿ"ಯ ಮೇಲೆ
ಪೆನ್ನು ಒತ್ತಿ ಎರಡು ಗೀಟು ಎಳೆದೆ.