ಇನ್ನೂ ಉಬ್ಬಿಲ್ಲ

ಮೊಂತೆವಿದೆಯೊದಿಂದ ರಾತ್ರಿ ಬಸ್ಸಿಗೆ ಬಂತು ಡಬ್ಬ,
ಮೇಲೆ ಸೆಲ್ಮಿರಾಳ ಓರೆ ಅಕ್ಷರ: 'ಬೇಕರಿ ಸಾಮಾನು, ಜೋಪಾನ.'
ಸಾಲ್ತೊ ಊರಿನ ಬಸ್ ನಿಲ್ದಾಣದಲ್ಲಿ ಸಹಿ ಹಾಕುವಾಗ
ಗುಮಾಸ್ತ ಕೇಳಿದ, 'ಏನು ಅನ್ಸೆಲ್ಮೊ, ಹೊಸ ಅಚ್ಚುಗಳೇ?'
ಹೌದೆಂದೆ. ಪೂರ್ತಿ ಸುಳ್ಳೇನಲ್ಲ.

ಇಪ್ಪತ್ತೊಂಬತ್ತು ವರ್ಷ ಹಿಟ್ಟು ನಾದಿದ ಕೈ,
ತಕ್ಕಡಿಗಿಂತ ಮೊದಲೇ ತೂಕ ಹೇಳುತ್ತದೆ.
ಕಾಗದ ಬಿಚ್ಚಿ ಒಂದನ್ನು ಅಂಗೈಗೆ ತೆಗೆದುಕೊಂಡೆ.
ನಾನೂರ ಎಂಬತ್ತು ಗ್ರಾಂ, ಅಂದಿತು ಕೈ.
ತಕ್ಕಡಿಯೂ ಹಾಗೇ ಅಂದಿತು, ಎರಡು ಗ್ರಾಂ ಹೆಚ್ಚಿಗೆ.
ಸಿಲಿಕೋನು. ಜುಲೈ ಇಲ್ಲಿ ನಡುಚಳಿಗಾಲ,
ನೀರೊಳಗಿನ ಕಲ್ಲಿನಷ್ಟು ತಣ್ಣಗಿತ್ತು.
ಒತ್ತಿದರೆ ಬೆರಳಿನ ಗುರುತು ನಿಲ್ಲುವುದಿಲ್ಲ,
ಮೆಲ್ಲಗೆ ಮರಳಿ ತುಂಬಿಕೊಳ್ಳುತ್ತದೆ.
ಹದ ಬಂದ ಹಿಟ್ಟು ಹೀಗೇ ಮಾಡುವುದು.

ಬೆಚ್ಚಗಾಗಲೆಂದು ಒಲೆಯ ಪಕ್ಕದ ಹಲಗೆಯಲ್ಲಿ
ಬನ್ನುಗಳ ಸಾಲಿನಾಚೆ ಬಟ್ಟೆ ಹೊದಿಸಿಟ್ಟೆ.
ಕೆಲಸದ ಹುಡುಗ ಏಡಿಸನ್ ಬಟ್ಟೆಯ ತುದಿ ಹಿಡಿದ:
'ಇವೇನು, ಯಾರದಾದರೂ ಆರ್ಡರಾ?'
'ಮುಟ್ಟಬೇಡ,' ಅಂದೆ, 'ಇನ್ನೂ ಉಬ್ಬಿಲ್ಲ.'

ಮಹಡಿಯ ಕೋಣೆ. ಚಿಲಕ. ಇನ್ನೊಮ್ಮೆ ಚಿಲಕ ನೋಡಿದೆ.
ಎದೆ ಬೋಳಿಸಿದೆ; ಬೇಸಿನ್ನಿನ ಬಿಳುಪಿನಲ್ಲಿ
ಐವತ್ತನಾಲ್ಕು ವರ್ಷದ ನರೆ ಸುತ್ತಿ ಸುತ್ತಿ ಇಳಿಯಿತು.
ಸ್ಪಿರಿಟ್ಟಿನಲ್ಲಿ ಒರೆಸು, ಎಣ್ಣೆ ಪೌಡರು ಸೋಕಿಸಬೇಡ,
ಮುಂದಕ್ಕೆ ಬಾಗು, ಒತ್ತು, ಮೂವತ್ತು ಎಣಿಸು,
ಸೆಲ್ಮಿರಾ ಬರೆದಿದ್ದಳು; ಕೊನೆಗೆ, 'ಅಳು ಬಂದರೆ ಅಳು,
ಆದರೆ ಅಂಟು ಹಿಡಿಯುವವರೆಗೆ ಬೇಡ, ಎದೆ ಅಲುಗುತ್ತದೆ.'

ಹೇಳುವುದು ಸುಲಭ. ಬೇಕರಿಯ ಮನೆಯಲ್ಲಿ
ಮೈದಾ ಇಲ್ಲದ ಮೂಲೆ ಯಾವುದಿದೆ?
ಉಗುರಿನ ಸಂದಿ, ಹುಬ್ಬು, ಕನ್ನಡಿಯ ಚೌಕಟ್ಟು.
ಅಂಟಿನ ಮೇಲೆ ನನ್ನದೇ ಹೆಬ್ಬೆಟ್ಟು ಬೆಳ್ಳಗೆ ಮೂಡಿತ್ತು,
ಸಹಿ ಬಾರದವರು ಪತ್ರಕ್ಕೆ ಒತ್ತಿದ ಹಾಗೆ.

ಮೊದಲ ಸಲ ಸೊಟ್ಟಗೆ ಕೂತವು:
ಒಂದು ನದಿಯ ಕಡೆ, ಒಂದು ಇಗರ್ಜಿಯ ಕಡೆ.
ನಕ್ಕೆ. ನಕ್ಕಿದ್ದಕ್ಕೆ ಎಡದ್ದು ಕಳಚಿ
ತೊಡೆಯ ಮೇಲೆ ಬಿತ್ತು, ಸಾಕಿದ ಬೆಕ್ಕಿನಂತೆ.
ಎರಡನೆಯ ಸಲ ಬಾಗಿ ಎಣಿಸಿದೆ, ಮೂವತ್ತಲ್ಲ, ನೂರು.
ನೆಟ್ಟಗೆ ನಿಂತಾಗ
ಭಾರ ನನ್ನನ್ನು ಒಂದಿಷ್ಟು ಮುಂದಕ್ಕೆ ಕರೆಯಿತು.
ಹೆಗಲು ತಾನಾಗಿ ಹಿಂದೆ ಸರಿದು ಜಾಗ ಕೊಟ್ಟಿತು,
ಬಸ್ಸಿನಲ್ಲಿ ಗುರುತಿನವಳಿಗೆ ಕೊಡುವ ಹಾಗೆ.

ಕನ್ನಡಿಯನ್ನು ಹೆಚ್ಚು ನೋಡಲಿಲ್ಲ. ಮುಖ ಇನ್ನೂ
ಅನ್ಸೆಲ್ಮೊನದೇ, ಗಲ್ಲದಲ್ಲಿ ಒಲೆಯ ಕಲೆ.
ನಡೆದೆ, ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಹಾಸಿಗೆಗೆ.
ನಾನು ನಿಂತ ಅರೆಗಳಿಗೆಯ ಮೇಲೆ ಅವು ನಿಲ್ಲುತ್ತಿದ್ದವು.
ಅಂಗಿಯ ಮೂರನೆಯ ಗುಂಡಿ ಕೂಡಲಿಲ್ಲ; ಬಿಟ್ಟೆ.
ಬುರುಡೆಯ ಎರ್ಬಾ ಸೊಪ್ಪಿಗೆ ಬಿಸಿನೀರು ಹೊಯ್ದು
ಕೊಳವೆಯಲ್ಲಿ ಹೀರುತ್ತ ಕೂತೆ.
ಗಂಟೆ ಕಳೆದು ಮುಟ್ಟಿದರೆ ಬೆಚ್ಚಗಿದ್ದವು.
ಒಲೆಯದು ಎಂದೋ ಆರಿತ್ತು.
ಇದು ನನ್ನದು.

ಎರಡೂವರೆಗೆ ಅಲಾರಾಂ. ಬೆವರಿದರೆ ಅಂಟು ನಿಲ್ಲದು.
ಅಂಚಿನಿಂದ ಬಿಡಿಸಿದೆ, ತಳ ಹಿಡಿದ ರೊಟ್ಟಿ ಎಬ್ಬಿಸುವಂತೆ.
ಎದೆಯ ಮೇಲೆ ಎರಡು ಕೆಂಪು ಬಳೆ.
ಮಗುವಿನ ಸೋಪಿನಲ್ಲಿ ತೊಳೆದು, ಅಂಟು ಮೇಲಾಗಿ
ಒಣಗಲಿಟ್ಟೆ, ಮೈದಾ ಹಾರದ ಹಾಗೆ ಬೋಗುಣಿ ಕವುಚಿ.

ನಮ್ಮ ಮಾತಿನಲ್ಲಿ ದಣಿವಿಗೂ ಗಂಡು ಹೆಣ್ಣುಂಟು:
ದಣಿದವನು ಕನ್ಸಾದೊ, ದಣಿದವಳು ಕನ್ಸಾದಾ.
ಕೊನೆಯ ಒಂದು ಸ್ವರ, ಅಷ್ಟೇ,
ಬಾಯಿ ತುಸು ಅಗಲ ತೆರೆದರೆ ಆಯಿತು.
ಕೆಳಗೆ ಏಡಿಸನ್ ಕೇಳಿದ, 'ನಿದ್ದೆ ಬರಲಿಲ್ಲವಾ?'
'ಕನ್ಸಾದಾ,' ಅಂದೆ.
ಬಾಯಿ ತೆರೆದೇ ಇತ್ತು.
ಅವನು ತಲೆ ಎತ್ತಲಿಲ್ಲ. ತಟ್ಟೆ ಎಣಿಸುತ್ತಿದ್ದ.
ಹದಿನಾಲ್ಕಕ್ಕೆ ಲೆಕ್ಕ ತಪ್ಪಿತು.
ಮತ್ತೆ ಒಂದರಿಂದ ಶುರುಮಾಡಿದ.